ಗಿರಣಿಯಲ್ಲಿ ನನ್ನ ಡಬ್ಬಿಯೇ ಮೊದಲು

ನಮ್ಮ ಇಂಡಿ ಕಡೆ ಗಿರಣಿಯಲ್ಲಿ ತನ್ನ ಪಾಳಿ ಬಿಟ್ಟುಕೊಡುವ ಹೆಂಗಸು ಇನ್ನೂ ಹುಟ್ಟಿಲ್ಲ. ನಿಮಗೇ ಗೊತ್ತು. ಶಹಾಪುರದ ಕಡೆಗೆ ಬಂದ ಹೊಸದರಲ್ಲಿ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದರೆ, ಮುಂದೆ ನಿಂತ ಹೆಂಗಸರೆಲ್ಲ ಸರಿದು ದಾರಿ ಬಿಟ್ಟರು. "ನಿಂದು ಮೊದಲ ಹಾಕಸವ್ವಾ, ದೂರಿಂದ ಬಂದಾಕಿ" ಅಂದರು. ನಾನು ದಂಗಾದೆ. ಎಂಥ ಒಳ್ಳೆಯ ಮಂದಿ ಎಂದು ಅಣ್ಣನಿಗೆ ಪತ್ರ ಬರೆದು ಹೊಗಳಿಯೂಬಿಟ್ಟೆ. ಆ ಮಾತು ಈಗ ವಾಪಸ್ ತಗೊಂಡಿದ್ದೇನೆ.

ಗಂಡ ಕಾಲುವೆ ಕೆಲಸಕ್ಕೆ ಬಂದವನು. ಎರಡನೆಯ ವರ್ಷ ಜ್ವರ ಬಂದು ಸತ್ತ. ಭೀಮರಾಯನಗುಡಿ ಕ್ಯಾಂಪಿನ ಹತ್ತಿರ ಒಂದು ತಗಡಿನ ಮನೆ, ಒಂದು ಒಲೆ ಉಳಿದವು. ರೊಟ್ಟಿ ಬಡಿದು ಕಾಲುವೆ ಆಫೀಸಿನವರಿಗೆ ಮಾರತೊಡಗಿದೆ. ಅದು ನಿಂತರೆ ನನಗೆ ಬೇರೆ ದಿಕ್ಕಿರಲಿಲ್ಲ. ಇಲ್ಲಿ ಹೊರಗಿನಿಂದ ಬಂದವರಿಗೆಲ್ಲ 'ಕ್ಯಾಂಪಿನವರು' ಅನ್ನುತ್ತಾರೆ. ಇಂಡಿ ಕಡೆ ಬಾವಿ ಬತ್ತಿದರೂ ನಾನು ಊರಿನ ಮಗಳು. ಇಲ್ಲಿ ಮನೆ ಮುಂದೆ ಕಾಲುವೆ ಹರಿದರೂ ಕ್ಯಾಂಪಿನಾಕಿ.

ಆದರೆ ರೊಟ್ಟಿ ಆಗಾಗ ಬಾಯಲ್ಲಿ ಕರಕರ ಅನ್ನುತ್ತಿತ್ತು. ಕಾಲುವೆ ನೀರಿನ ಜೋಳವೇ ಹೀಗೆಂದು ಮೂರು ಸಲ ಕೇರಿದೆ, ತೊಳೆದು ಒಣಗಿಸಿದೆ. ಉಣ್ಣುವವರು ಒಬ್ಬೊಬ್ಬರೇ ಬಿಟ್ಟರು. ಕೊನೆಗೆ ಆಫೀಸಿನ ಕಾರಕೂನ ರಾಚಪ್ಪನ ಹಲ್ಲೇ ಮುರಿಯಿತು.

"ಏನಬೇ ಯವ್ವಾ, ರೊಟ್ಯಾಗ ಕಾಲುವಿ ಕಟ್ಟಾಕತ್ತಿಯೇನು? ಗ್ರಾಹಕರ ಕೋರ್ಟಿಗೆ ಎಳದ್ರ ನಿನ್ನ ಒಲಿ ಆರತೈತಿ ನೋಡು."

"ಅದ್ಯಾವ ಕೋರ್ಟೋ ಯಪ್ಪಾ?"

"ರೊಕ್ಕಾ ಕೊಟ್ಟು ತಗೊಂಡ ಮಾಲು ಕೆಟ್ಟಿದ್ರ, ಮಾಡಿಸಿದ ಕೆಲಸ ಕೆಟ್ಟಿದ್ರ, ಹಿಡದು ಕೇಳೂ ಕೋರ್ಟು. ಕಾಯ್ದೆ ಐತಿ."

"ಹಂಗಾರ ಹಿಟ್ಟು ಬೀಸಿದವನ್ನೂ ಕೇಳಬೌದಲ್ಲ?"

ರಾಚಪ್ಪ ಗದ್ದ ಹಿಡಿದುಕೊಂಡೇ ನಕ್ಕ. "ಕೇಳಬೌದು. ಬೀಸಿಸಿದ್ದಕ್ಕ ಚೀಟಿ ಬೇಕು."

ತೊಳೆದ ಜೋಳದಲ್ಲಿ ಕಲ್ಲಿಲ್ಲ ಅಂದಮೇಲೆ ಅದು ಗಿರಣಿಯದೇ ಇರಬೇಕೆಂದು, ಮರುದಿನದಿಂದ ಡಬ್ಬಿ ಹಿಡಿದು ಗಿರಣಿಯ ಕಟ್ಟೆಯ ಮೇಲೆ ಕಾದು ಕುಳಿತೆ. ನಾಲ್ಕನೆಯ ದಿನ ಒಬ್ಬ ಉಳಿ ಸುತ್ತಿಗೆ ತಂದು, ಸವೆದ ಬೀಸುಗಲ್ಲಿಗೆ ಹೊಸ ಕಚ್ಚು ಹೊಡೆದ. ಆ ಕಲ್ಲಿನ ಪುಡಿಯೆಲ್ಲ ಮೊದಲ ಹಿಟ್ಟಿಗೇ ಬರುತ್ತದೆ. ನಮ್ಮಲ್ಲಿ ಗಿರಣಿಯವನು ಮೊದಲು ತನ್ನ ಜೋಳ ಬೀಸಿ ಆ ಹಿಟ್ಟು ಚೆಲ್ಲುತ್ತಾನೆ. ಇಲ್ಲಿಯ ಗಿರಣಿ ಮಲ್ಲಣ್ಣ ಕತ್ತೆತ್ತಿ ನನ್ನನ್ನು ಕರೆದ: "ಬಾರಬೇ ಕ್ಯಾಂಪಿನಾಕಿ, ನಿಂದ ಮೊದಲು." ಹೆಂಗಸರು ಸರಿದು ನಿಂತರು. ಒಬ್ಬಳು ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ಮೊದಲ ಪಾಳಿ ಯಾಕೆ ಬಿಡುತ್ತಿದ್ದರೆಂದು ಆಗ ತಿಳಿಯಿತು. ಆದರೂ ಬೀಸಿಸಿದೆ.

"ಚೀಟಿ ಕೊಡು."

"ಗಿರಣ್ಯಾಗ ಯಾರು ಚೀಟಿ ಕೊಡ್ತಾರಬೇ?"

"ನೀ ಕೊಡ್ತಿ."

ಅವನು ಹೆಂಗಸರ ಕಡೆ ಕಣ್ಣು ಹೊಡೆದು, 'ಹೊಸ ಕಚ್ಚು, ಮೊದಲ ಪಾಳಿ ಕ್ಯಾಂಪಿನ ಮುದುಕಿಗೆ' ಎಂದು ಬರೆದು ತಾರೀಖು, ಸಹಿ ಹಾಕಿ ಕೊಟ್ಟ. ಎಲ್ಲರೂ ನಕ್ಕರು. ಹಿಟ್ಟನ್ನೂ ಚೀಟಿಯನ್ನೂ ಕಟ್ಟಿಟ್ಟೆ.

ರಾಚಪ್ಪ ಅರ್ಜಿ ಬರೆದ. ಕಲಬುರ್ಗಿಯ ಗ್ರಾಹಕರ ಕೋರ್ಟಿನಲ್ಲಿ ನ್ಯಾಯ ಹೇಳುವವರು ಮೂವರು ಕುಳಿತಿದ್ದರು, ಅವರಲ್ಲಿ ಒಬ್ಬರು ಹೆಂಗಸು. ಮಲ್ಲಣ್ಣನ ವಕೀಲ ಎದ್ದು, "ಈಕಿ ರೊಟ್ಟಿ ಮಾರಾಕಿ. ವ್ಯಾಪಾರಕ್ಕ ಬೀಸಿಸಿದಾಕಿ ಗ್ರಾಹಕಿ ಆಗಂಗಿಲ್ರಿ, ಅರ್ಜಿ ವಜಾ ಮಾಡ್ರಿ" ಎಂದ.

ಆ ಹೆಂಗಸು ನನ್ನನ್ನು ಕೇಳಿದರು: "ರೊಟ್ಟಿ ಮಾಡಾಕ ಎಷ್ಟು ಮಂದಿ ಇಟ್ಟೀರಿ?"

"ಇಬ್ಬರ್ರಿ. ಎಡಗೈ, ಬಲಗೈ."

ಹೊಟ್ಟೆಪಾಡಿಗೆ ತಾನೇ ದುಡಿಯುವವಳು ಕಾಯ್ದೆಯ ಪ್ರಕಾರ ಗ್ರಾಹಕಿಯೇ ಎಂದು ಅವರು ಬರೆದುಕೊಂಡರು. ವಕೀಲ ಕುಳಿತ. ನಾನು ಕೂಡಲಿಲ್ಲ. ಆ ಹಿಟ್ಟಿನಲ್ಲೇ ಬಡಿದ ರೊಟ್ಟಿ ತಂದಿದ್ದೆ, ಬಿಚ್ಚಿ ಮಲ್ಲಣ್ಣನ ಮುಂದೆ ಹಿಡಿದೆ.

"ತಿನ್ನೋ. ನುಂಗಿದಿ ಅಂದ್ರ ಅರ್ಜಿ ಹರದು ಒಗೀತೀನಿ."

"ಇದು ಕೋರ್ಟಬೇ, ಖಾನಾವಳಿ ಅಲ್ಲ!" ಎಂದು ವಕೀಲ ಗದರಿದ. ಮಲ್ಲಣ್ಣ ರೊಟ್ಟಿ ಮುಟ್ಟಲಿಲ್ಲ. ಮೂವರೂ ಅದನ್ನು ನೋಡಿದರು.

ಮಲ್ಲಣ್ಣ ನನ್ನ ನಷ್ಟ ತುಂಬಿಕೊಡಬೇಕು, ಕಚ್ಚು ಹೊಡೆಸಿದ ದಿನ ಮೊದಲು ತನ್ನದೇ ಜೋಳ ಬೀಸಿ ಚೆಲ್ಲಬೇಕು ಎಂದು ತೀರ್ಪಾಯಿತು. ಉಣ್ಣುವವರು ತಿರುಗಿ ಬಂದರು. ಎಲ್ಲರಿಗಿಂತ ಮೊದಲು ರಾಚಪ್ಪ, ಒಂದೇ ದವಡೆಯಲ್ಲಿ ಅಗಿಯುತ್ತ.

ಗೆದ್ದಾಯಿತಲ್ಲ, ಇನ್ನು ಊರಿಗೆ ಬಾ ಎಂದು ಅಣ್ಣ ಬರೆದಿದ್ದಾನೆ. ಇಲ್ಲಿ ನನಗೆ ಹೊಲವಿಲ್ಲ, ಬಳಗವಿಲ್ಲ. ಗಿರಣಿಯ ಹೆಂಗಸರು ಮಾತು ಬಿಟ್ಟಿದ್ದಾರೆ. ಆದರೂ ಕಲ್ಲಿಗೆ ಕಚ್ಚು ಹೊಡೆಸುವ ದಿನ ಬರಿಗೈಯಲ್ಲಿ ಹೋಗಿ ಬಾಗಿಲಲ್ಲಿ ಕೂಡುತ್ತೇನೆ. ಮಲ್ಲಣ್ಣ ತನ್ನ ಮನೆಯ ಜೋಳ ಸುರಿದು, ಹಿಟ್ಟು ತಿಪ್ಪೆಗೆ ಹಾಕುವವರೆಗೆ ಏಳುವುದಿಲ್ಲ.

"ಊರಿಗೆ ಯಾವಾಗ ಹೋಗ್ತಿಯಬೇ?" ಎಂದು ಪ್ರತಿ ಸಲವೂ ಕೇಳುತ್ತಾನೆ.

ಅಲ್ಲಿ ನಾನು ಬರಲೆಂದು ಕಾಯುವವನು ಒಬ್ಬನಿದ್ದಾನೆ, ಇಲ್ಲಿ ನಾನು ಹೋಗಲೆಂದು ಕಾಯುವವನು ಒಬ್ಬ. ಅಣ್ಣ ಇನ್ನಷ್ಟು ದಿನ ಕಾದಾನು.