ಮೈಕಣ್ಣನ ಮೊಣಕಾಲು

ಬಸ್ ನಿಲ್ದಾಣದ ನಟ್ಟನಡುವಿನ ಗಾಜಿನ ಗೂಡಿನಲ್ಲಿ ಕುಳಿತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆಂದು ಮೈಕಿನಲ್ಲಿ ಕೂಗುವುದು ಅವನ ಕೆಲಸ. ಹಾಗಾಗಿ ಬೀದಿಯವರೆಲ್ಲ ಅವನನ್ನು ಮೈಕಣ್ಣ ಎಂದೇ ಕರೆಯುತ್ತಿದ್ದರು. ಊಟಕ್ಕೆ ಕುಳಿತು ಉಪ್ಪು ಕೇಳಿದರೂ ಕೆಳಗಿನ ಮನೆಯವರು ಉಪ್ಪಿನ ಡಬ್ಬಿ ತಡಕುವಂಥ ಕಂಠ ಅದು.

ಕಂಠ ಬಿಟ್ಟರೆ ಮೈಕಣ್ಣನಿಗಿದ್ದ ಇನ್ನೊಂದು ಆಸ್ತಿ ಬಲಗಾಲಿನ ಮಂಡಿನೋವು. ನೋವು ಸುಳ್ಳೇನಲ್ಲ. ಹಿಂದೊಮ್ಮೆ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದಾಗ ಹಿಡಿದುಕೊಂಡದ್ದು ಬಿಟ್ಟಿರಲಿಲ್ಲ. ಆದರೆ ನೋವಿಗೆ ಸಿಗುವ ಮರ್ಯಾದೆ ಎನ್ನುವುದೊಂದಿದೆಯಲ್ಲ, ಅದರ ರುಚಿ ಅವನಿಗೆ ಹತ್ತಿಬಿಟ್ಟಿತ್ತು. ಮದುವೆಮನೆಗೆ ಹೋದರೆ ಮುಂದಿನ ಸಾಲಿನಲ್ಲಿ ಕುರ್ಚಿ. ಕೆಲಸದಲ್ಲಿ ಸ್ಟೂಲು ಹೋಗಿ ದಿಂಬಿನ ಕುರ್ಚಿ ಬಂದಿತ್ತು. ಮನೆಯಲ್ಲಿ ನೀರಿನ ಕ್ಯಾನು ಅವನ ಕೈ ಬಿಟ್ಟು ಹೆಂಡತಿಯ ಸೊಂಟ ಏರಿತ್ತು. ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ಮೇಲಿನ ನಲ್ಲಿಯ ನೀರು ಪಾತ್ರೆ ತೊಳೆಯಲಷ್ಟೇ ಲಾಯಕ್ಕು. ಕುಡಿಯುವ ನೀರನ್ನು ದಿನಾ ಬೆಳಿಗ್ಗೆ ಕಟ್ಟಡದ ಬುಡದಲ್ಲಿರುವ ಫಿಲ್ಟರಿನಿಂದ ಹಿಡಿದು ಹೊರಬೇಕು. ಆಕೆ ಹೊತ್ತುಕೊಂಡು ಹತ್ತುವಾಗ ಮೈಕಣ್ಣ ಬಾಗಿಲಲ್ಲಿ ನಿಂತು, "ನಿಧಾನ ಕಣೇ, ನಿಧಾನ," ಎಂದು ಕೂಗಿ ತನ್ನ ಪಾಲಿನ ಭಾರ ಹೊರುತ್ತಿದ್ದ.

ಹೀಗಿರುವಾಗ ಹೋಮಿಯೋಪತಿ ಕಾಲೇಜಿನವರು ಮಂಡಿನೋವಿನ ಮೇಲೆ ಒಂದು ಸಂಶೋಧನೆ ಶುರು ಮಾಡಿದರು. ಬಂದವರಲ್ಲಿ ಅರ್ಧ ಜನಕ್ಕೆ ಔಷಧಿ ಹಾಕಿದ ಗುಳಿಗೆ, ಉಳಿದರ್ಧ ಜನಕ್ಕೆ ಬರೀ ಸಕ್ಕರೆ ಗುಳಿಗೆ. ನೋಡಲು ಎರಡೂ ಒಂದೇ, ರುಚಿಯೂ ಒಂದೇ. ಯಾರಿಗೆ ಯಾವುದು ಹೋಗಿದೆ ಎಂಬುದು ತಿನ್ನುವವರಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ. ಎಲ್ಲ ಮುಗಿದ ಮೇಲೆಯೇ ಗುಟ್ಟು ಬಿಚ್ಚುವುದು. ಕಟ್ಟಡದ ಬುಡದಲ್ಲಿ ಸಲೂನು ಇಟ್ಟಿದ್ದವನು ದಿನವಿಡೀ ನಿಂತು ನಿಂತು ಎರಡೂ ಮಂಡಿ ಸವೆಸಿಕೊಂಡಿದ್ದ. ಅವನೇ ಈ ಸುದ್ದಿ ತಂದವನು. ಇಬ್ಬರೂ ಜೊತೆಯಲ್ಲೇ ಹೋಗಿ ಹೆಸರು ಕೊಟ್ಟರು.

ಸಂಶೋಧನೆ ನಡೆಸುತ್ತಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಕೂರಿಸಿಕೊಂಡು ಒಂದೊಂದಾಗಿ ಕೇಳಿದರು: ನೋವು ಬೆಳಿಗ್ಗೆ ಜಾಸ್ತಿಯೋ ಸಂಜೆಯೋ? ಚಳಿಗೆ ಏರುತ್ತದೆಯೋ ಸೆಕೆಗೋ? ಕೋಪ ಬಂದಾಗ ಏನಾಗುತ್ತದೆ? ಮೈಕಣ್ಣನ ಮಂಡಿಯ ಬಗ್ಗೆ ಅಲ್ಲಿಯ ತನಕ ಯಾರೂ ಇಷ್ಟು ಶ್ರದ್ಧೆಯಿಂದ ವಿಚಾರಿಸಿರಲಿಲ್ಲ. ಹೊರಗೆ ಬಂದಾಗಲೇ ಅವನ ಕಾಲು ಅರ್ಧ ಹಗುರಾಗಿತ್ತು.

ಒಂದು ವಾರಕ್ಕೆ ಕುಂಟು ಕಡಿಮೆಯಾಯಿತು. ತಿಂಗಳೊಪ್ಪತ್ತಿನಲ್ಲಿ ಮೈಕಣ್ಣ ನೆಟ್ಟಗೆ ನಡೆಯತೊಡಗಿದ.

"ನನಗೆ ಬಿದ್ದಿರೋದು ಅಸಲೀ ಮಾಲು ಕಣಯ್ಯಾ," ಎಂದು ಸಲೂನಿನ ಕನ್ನಡಿಯೆದುರು ಕುಳಿತು ಸಾರಿದ. "ನಾಲಿಗೆ ಕೆಳಗೆ ಇಟ್ಟ ತಕ್ಷಣ ಜುಮ್ ಅಂತ ಇಳಿಯುತ್ತೆ. ನಿನಗೆ ಆಗುತ್ತಾ?"

"ಸಿಹಿಯಾಗುತ್ತೆ ಅಣ್ಣಾ, ಅಷ್ಟೇ," ಎಂದ ಸಲೂನಿನವನು.

"ಹಂಗಾದ್ರೆ ನಿನಗೆ ಬರೀ ಸಕ್ಕರೆ. ಇಲ್ಲಾ ಅಂದ್ರೆ ಕದ್ದು ಕಾಫಿ ಕುಡೀತಿದ್ದೀಯ. ಪಥ್ಯ ಇಲ್ಲದೋನಿಗೆ ಔಷಧಿ ಏನು ಮಾಡೀತು?"

"ನಿಮ್ಮಾಣೆ, ಕಾಫಿ ಮುಟ್ಟಿಲ್ಲ. ಕೆನ್ನೆ ಆ ಕಡೆ ತಿರುಗಿಸಿ, ಇಲ್ಲಾಂದ್ರೆ ಮೀಸೆ ಅರ್ಧ ಹೋಗುತ್ತೆ."

ಪಥ್ಯದ ವಿಷಯಕ್ಕೆ ಬಂದರೆ ಮೈಕಣ್ಣ ಡಾಕ್ಟರಮ್ಮನಿಗಿಂತ ಒಂದು ಕೈ ಮೇಲು. ಗುಳಿಗೆಯನ್ನು ಬೆರಳಿನಿಂದ ಮುಟ್ಟಬಾರದು, ಮುಚ್ಚಳಕ್ಕೆ ಉದುರಿಸಿಕೊಂಡು ಹಾಗೇ ಬಾಯಿಗೆ ಹಾಕಿಕೊಳ್ಳಬೇಕು. ಹಸಿ ಈರುಳ್ಳಿ, ಕಾಫಿ ಬೇಡ ಎಂದು ಅವರು ಹೇಳಿದ್ದರು. ಕಾಫಿ ಕುಡಿಯಬಾರದು ಎಂದರೆ ಅದರ ವಾಸನೆಯೂ ಬರಬಾರದೆಂದು ಇವನು ಅರ್ಥ ಮಾಡಿಕೊಂಡ. ಮನೆಯಲ್ಲಿದ್ದ ಕಾಫಿಪುಡಿ ಡಬ್ಬಿಗೆ ಅಟ್ಟದ ಮೂಲೆಗೆ ಗಡೀಪಾರು. ಬೆಳಗಿನ ಕಾಫಿಯೊಂದನ್ನೇ ಸುಖವೆಂದುಕೊಂಡಿದ್ದ ಹೆಂಡತಿ ಅಷ್ಟು ದಿನವೂ ಪಕ್ಕದ ಮನೆಯವರಲ್ಲಿ ಒಂದು ಲೋಟ ಕೇಳಿ ಪಡೆದು, ಮೆಟ್ಟಿಲ ಮೇಲೆ ಕುಳಿತು ಕುಡಿದು, ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದಳು. ಖಾಲಿ ಕ್ಯಾನು ಆಕೆಯ ಪಕ್ಕದಲ್ಲೇ ಇರುತ್ತಿತ್ತು, ಹೇಗೂ ಕೆಳಗಿಳಿಯಬೇಕಿತ್ತಲ್ಲ.

ಮಂಡಿ ವಾಸಿಯಾದವನು ಕ್ಯಾನು ಎತ್ತಲಿಲ್ಲವೇ ಎಂದು ನೀವು ಕೇಳಬಹುದು. ಎತ್ತಲಿಲ್ಲ. ಬೆಳಗಿನ ಹೊತ್ತು ಅವನಿಗೆ ಪುರುಸೊತ್ತೆಲ್ಲಿ? ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬೀಸುಗಾಲಿನಲ್ಲಿ ನಡೆದು, ಎದುರು ಸಿಕ್ಕವರಿಗೆಲ್ಲ ತನ್ನ ಕಾಲು ತೋರಿಸಬೇಕಿತ್ತು. ಗೂಡಿನ ಕಿಟಕಿಗೆ ಬಸ್ಸು ವಿಚಾರಿಸಲು ಬಂದವರಿಗೂ ಔಷಧಿಯ ಮಹಿಮೆ ಹೇಳಬೇಕಿತ್ತು. ಒಂದು ದಿನ ಮೈಕು ಆರಿಸುವುದನ್ನು ಮರೆತು, "ಕೈಯಲ್ಲಿ ಮುಟ್ಟಿದ್ರೋ, ಕೆಟ್ಟಿರಿ!" ಎಂದು ಒಬ್ಬಾಕೆಗೆ ಹೇಳಿದ್ದು ಇಡೀ ನಿಲ್ದಾಣಕ್ಕೆ ಕೇಳಿಸಿ, ಬೆಂಚಿನ ಮೇಲೆ ಬಿಟ್ಟುಹೋಗಿದ್ದ ಚೀಲವೊಂದನ್ನು ಎತ್ತಿಕೊಳ್ಳಲು ಹೊರಟಿದ್ದ ಮನುಷ್ಯ ಬೆಚ್ಚಿಬಿದ್ದು ಓಡಿದನಂತೆ. ಅದನ್ನೂ ಮೈಕಣ್ಣ ಗುಳಿಗೆಯ ಲೆಕ್ಕಕ್ಕೇ ಸೇರಿಸಿದ.

ಕೊನೆಗೆ ಗುಟ್ಟು ಬಿಚ್ಚುವ ದಿನ ಬಂತು. ಕಾಲೇಜಿನ ಸಭಾಂಗಣದಲ್ಲಿ ಎಲ್ಲರನ್ನೂ ಮನೆಯವರ ಸಮೇತ ಕರೆದಿದ್ದರು. ಮೈಕಣ್ಣ ಹೊಸ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತ. ಎರಡು ಸಾಲು ಹಿಂದೆ ಹೆಂಡತಿ. ಗೋಡೆಗೊರಗಿ ಸಲೂನಿನವನು, ಕುಳಿತರೆ ಏಳುವುದು ಕಷ್ಟವೆಂದು ನಿಂತೇ ಇದ್ದ.

ಡಾಕ್ಟರಮ್ಮ ಸುತ್ತಿಬಳಸದೆ ಹೇಳಿದರು. ಎರಡೂ ಗುಂಪಿನಲ್ಲೂ ಕೆಲವರಿಗೆ ನೋವು ತಗ್ಗಿದೆ, ಕೆಲವರಿಗೆ ತಗ್ಗಿಲ್ಲ. ಔಷಧಿ ತಿಂದ ಗುಂಪಿಗೂ ಬರೀ ಸಕ್ಕರೆ ತಿಂದ ಗುಂಪಿಗೂ ವ್ಯತ್ಯಾಸವೇನೂ ಕಾಣಲಿಲ್ಲ. "ನಾವು ಬೇರೆ ಥರ ಬರಲಿ ಅಂತ ಆಸೆ ಪಟ್ಟಿದ್ವಿ. ಬಂದಿದ್ದನ್ನ ಹೇಳಬೇಕಲ್ಲ," ಎಂದರು. ಹೇಳುವಾಗ ಅವರ ದನಿ ಸ್ವಲ್ಪ ಕುಗ್ಗಿತ್ತು. "ಯಾರಿಗೆ ಯಾವುದು ಬಂದಿತ್ತು ಅನ್ನೋದನ್ನ ಒಳಗಿನ ಕೋಣೇಲಿ ಒಬ್ಬೊಬ್ಬರಿಗೇ ಹೇಳ್ತೀವಿ."

ವ್ಯತ್ಯಾಸ ಕಾಣಲಿಲ್ಲವಂತೆ! ಮೈಕಣ್ಣನಿಗೆ ತನ್ನ ಮಂಡಿಗೇ ಅವಮಾನವಾದಂತಾಯಿತು. ಎದ್ದ. ಎದುರಿಗೆ ಮೈಕಿತ್ತು. ಮೈಕು ಕಂಡರೆ ಸುಮ್ಮನಿರುವ ಜಾಯಮಾನ ಅವನದಲ್ಲ.

"ಮೇಡಂ, ಒಳಗೆ ಯಾಕೆ? ಇಲ್ಲೇ ಹೇಳಿ. ಇಷ್ಟು ಜನ ನೋಡ್ಲಿ. ಕುಂಟ್ತಾ ಇದ್ದೋನು ಹೆಂಗೆ ನಿಂತಿದೀನಿ ನೋಡಿ! ನನಗೆ ಕೊಟ್ಟಿದ್ದು ಯಾವುದು?"

"ಸರ್, ಒಳಗೆ ಮಾತಾಡೋಣ."

"ನನ್ನದೇನೂ ಮುಚ್ಚುಮರೆ ಇಲ್ಲ ಮೇಡಂ."

"ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ ಸರ್."

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಕುಳಿತಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಇರಲಿಲ್ಲ. ಆದರೆ ಮೈಕಣ್ಣ ಗೋಡೆಯ ಕಡೆ ಕೈಚಾಚಿ, "ಅಲ್ಲಿ ನಿಂತಿದ್ದಾನಲ್ಲ ನಮ್ಮ ಸಲೂನಿನೋನು, ಅವನದೂ ಹೇಳಿಬಿಡಿ. ಪಥ್ಯ ಮಾಡಿದೋನು ಯಾರು, ಮಾಡದೋನು ಯಾರು ಅಂತ ಎಲ್ಲರಿಗೂ ಗೊತ್ತಾಗಲಿ. ಏನಯ್ಯಾ, ಹೇಳಬಹುದಾ?" ಎಂದ.

"ನನಗೇನು ಅಣ್ಣಾ, ಹೇಳ್ಲಿ," ಎಂದ ಅವನು.

ಡಾಕ್ಟರಮ್ಮ ತಮ್ಮ ಸಹಾಯಕನತ್ತ ನೋಡಿದರು, ಛಾವಣಿಯತ್ತ ನೋಡಿದರು, ಇನ್ನೊಮ್ಮೆ ಮೈಕಣ್ಣನ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ಅವರಿಗೆ ಬಂದಿದ್ದು ಔಷಧಿ ಸರ್. ನಿಮಗೆ ಬಂದಿದ್ದು ಔಷಧಿ ಹಾಕದೆ ಇದ್ದ ಗುಳಿಗೆ," ಎಂದರು.

ಎಷ್ಟು ಮೆಲ್ಲಗೆ ಹೇಳಿದರೇನು, ಮೈಕು ನಡುವೆ ಇತ್ತಲ್ಲ. ಇಡೀ ಸಭಾಂಗಣಕ್ಕೆ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿನಿಂದ ಸಾಲಿಗೆ ದಾಟಿ ಮುಂದೆ ಬಂತು.

"ಸರ್, ನಿಮ್ಮ ನೋವು ನಿಜ, ಕಡಿಮೆ ಆಗಿದ್ದೂ ನಿಜ. ಭರವಸೆಯಿಂದ್ಲೂ ನೋವು ತಗ್ಗುತ್ತೆ, ಇದರಲ್ಲಿ ನಾಚಿಕೆ ಪಡೋವಂಥದ್ದು ಏನೂ..." ಡಾಕ್ಟರಮ್ಮ ಹೇಳುತ್ತಲೇ ಇದ್ದರು. ಕೇಳಿಸಿಕೊಳ್ಳುವವರು ಯಾರು?

ಆಗ ಸಲೂನಿನವನು ಗೋಡೆ ಬಿಟ್ಟು ಮುಂದೆ ಬಂದು, ಹಣೆ ಚಚ್ಚಿಕೊಂಡು, "ಅಯ್ಯೋ! ಅಷ್ಟು ದಿನ ಕಾಫಿ ಬಿಟ್ಟಿದ್ದು ದಂಡ ಆಯ್ತಲ್ರೀ!" ಎಂದ. ನಗು ಅವನ ಕಡೆ ಹೊರಳಿತು. ಬೇಕೆಂದೇ ತನ್ನ ಮೇಲೆ ಎಳೆದುಕೊಂಡನೆಂದು ಮೈಕಣ್ಣನಿಗೆ ತಿಳಿಯಿತು. ಅವನು ಅಣಕಿಸಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಉಪಕಾರ ಮಾಡಿದವನಿಗೆ ಏನನ್ನುವುದು? ಕಿವಿಯ ತುದಿಯವರೆಗೆ ಬಿಸಿ ಏರಿ, ತನ್ನ ಕುರ್ಚಿ ಯಾವುದೆಂದು ತಿಳಿಯದೆ ಬೇರೆ ಯಾರದೋ ಕುರ್ಚಿಯಲ್ಲಿ ಕುಳಿತ.

ಮನೆಗೆ ಬಂದರು. ಒಳಗೆ ಬಂದವಳೇ ಹೆಂಡತಿ ಅಟ್ಟದ ಮೂಲೆಯಿಂದ ಕಾಫಿಪುಡಿ ಡಬ್ಬಿ ಇಳಿಸಿ, ಒರೆಸಿ, ಕಾಫಿ ಮಾಡಿದಳು. ಎರಡು ಲೋಟ ತಂದು ಎದುರಿಗೆ ಕುಳಿತಳು. ಬೈಯಲಿ ಎಂದು ಮೈಕಣ್ಣ ಕಾದ. ಅವಳು ಬೈಯಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು:

"ಸಕ್ಕರೆಗೆ ಹೋಗೋ ನೋವಾಗಿತ್ತಾ ರೀ ಅದು?"

ಇಡೀ ಸಭೆ ನಕ್ಕದ್ದು ಈ ಒಂದು ಮಾತಿನ ಮುಂದೆ ಏನೂ ಅಲ್ಲ ಅನ್ನಿಸಿತು. ಅವಳು ಕೇಳಿದ್ದು ಗುಳಿಗೆಯ ವಿಷಯವಲ್ಲ. ಇಷ್ಟು ವರ್ಷ ತಾನು ಹತ್ತಿದ ಮೆಟ್ಟಿಲುಗಳು ಯಾರ ಲೆಕ್ಕಕ್ಕೆ ಎಂದು ಕೇಳಿದ್ದಳು. ಇಲ್ಲ, ನಿಜವಾಗಲೂ ನೋಯುತ್ತಿತ್ತು ಎಂದು ಹೇಳಬೇಕೆಂದು ಬಾಯಿ ತೆರೆದ. ಹಾಗಾದರೆ ನೋವು ಹೋದ ಮೇಲೂ ಕ್ಯಾನು ಯಾಕೆ ಎತ್ತಲಿಲ್ಲ ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂತು. ಅವಳು ಕೇಳಲಿಲ್ಲ, ಅವನೇ ಕೇಳಿಕೊಂಡ. ತೆರೆದ ಬಾಯಿಗೆ ಕಾಫಿ ಸುರಿದುಕೊಂಡ. ನಾಲಿಗೆ ಸುಟ್ಟಿತು.

ಮರುದಿನ ಅವಳು ಏಳುವ ಮೊದಲೇ ಮೈಕಣ್ಣ ಕ್ಯಾನು ಹಿಡಿದು ಕೆಳಗಿಳಿದ. ತುಂಬಿಸಿಕೊಂಡು ಮೊದಲ ಮಹಡಿ ಹತ್ತುವಷ್ಟರಲ್ಲಿ ಬಲ ಮಂಡಿಯಲ್ಲಿ ಚುಳ್ ಎಂದಿತು. ಹಳೆಯ ನೋವು, ಅದೇ ಜಾಗ, ಅದೇ ಹಿಡಿತ. ಸಕ್ಕರೆಯ ಗುಟ್ಟು ಮಂಡಿಗೂ ತಿಳಿದುಹೋಗಿತ್ತು.

ಈಗ ಹೇಳುವುದಾದರೂ ಯಾರಿಗೆ? ಕುಂಟಿದರೆ ಇಡೀ ಬೀದಿ, "ಸಕ್ಕರೆ ಖಾಲಿಯಾಯ್ತಾ ಮೈಕಣ್ಣಾ?" ಎನ್ನುತ್ತದೆ. ಮರ್ಯಾದೆ ತರುತ್ತಿದ್ದ ಕಾಲದಲ್ಲಿ ಜಗಜ್ಜಾಹೀರಾಗಿದ್ದ ನೋವು, ನಿಜ ಹೇಳಬೇಕಾದ ಈ ಹೊತ್ತಿನಲ್ಲಿ ಕಳ್ಳಮಾಲಾಗಿತ್ತು. ಹಲ್ಲು ಕಚ್ಚಿ ನೆಟ್ಟಗೆ ನಡೆದ. ಗೂಡಿನಲ್ಲಿ ದಿಂಬಿನ ಕುರ್ಚಿ ಬದಿಗೆ ಸರಿಸಿ ಸ್ಟೂಲು ಎಳೆದುಕೊಂಡ. ಸಲೂನಿನವನು ತನ್ನ ಅಂಗಡಿಯ ಬಾಗಿಲಿಗೆ ಬಂದು, "ಹೆಂಗಿದೆ ಅಣ್ಣಾ ಕಾಲು?" ಎಂದರೆ, "ಬೆಣ್ಣೆ ಹಾಗಿದೆ," ಎಂದು ದಾಟಿಹೋದ. ನಿನ್ನದು ಹೇಗಿದೆ ಎಂದು ಕೇಳಬೇಕೆಂದುಕೊಂಡ. ಯಾವ ಮುಖ ಹೊತ್ತು ಕೇಳುವುದು ಎಂದು ಬಿಟ್ಟ. ಪ್ರತಿ ದಿನ ಬೆಳಿಗ್ಗೆ ಕ್ಯಾನು ಹೊತ್ತ. ಮಹಡಿ ಮಹಡಿಗೂ ನಿಂತು, ಯಾರಾದರೂ ನೋಡಿದರೆ, ಕಿಟಕಿಯಾಚೆ ಆಕಾಶ ನೋಡುವವನಂತೆ ನಟಿಸಿದ.

ಮೆಟ್ಟಿಲಿಗೆ ಮಾತ್ರ ನಟನೆ ನಡೆಯುವುದಿಲ್ಲ. ಒಂದು ಹೆಜ್ಜೆ ಗಟ್ಟಿ, ಮುಂದಿನದು ಎಳೆದು ಇಟ್ಟದ್ದು. ಆ ಸದ್ದನ್ನು ವರ್ಷಗಟ್ಟಲೆ ಕೇಳಿದ ಕಿವಿ ಮೇಲಿತ್ತು. ಒಂದು ಬೆಳಿಗ್ಗೆ ಅವನು ಎರಡನೆಯ ಮಹಡಿಯಲ್ಲಿ ಆಕಾಶ ನೋಡುತ್ತಿದ್ದಾಗ ಹೆಂಡತಿ ಇಳಿದು ಬಂದು ಕ್ಯಾನಿನ ಹಿಡಿಗೆ ಕೈ ಹಾಕಿದಳು.

"ಬಿಡೇ, ನನಗೇನಾಗಿದೆ? ನಾನು ತರ್ತೀನಿ."

"ಒಂದು ಕಡೆ ನೀವು ಹಿಡೀರಿ, ಒಂದು ಕಡೆ ನಾನು. ನಿಧಾನ ಹತ್ತಿ, ನನ್ನ ಮಂಡಿ ಹಿಡ್ಕೊಂಡಿದೆ."

ತನ್ನ ಮಾನ ಕಾಯಲು ಹಾಗೆ ಹೇಳಿದಳೆಂದುಕೊಂಡ ಮೈಕಣ್ಣ. ಆದರೆ ಮುಂದಿನ ಮೆಟ್ಟಿಲಿಗೆ ಅವಳು ಕಾಲು ಎತ್ತಿ ಇಟ್ಟಾಗ, ಇನ್ನೊಂದು ಕೈ ಗೋಡೆ ಹುಡುಕಿದ್ದು ಕಾಣಿಸಿತು. ಗೋಡೆಯ ಆ ಎತ್ತರದಲ್ಲಿ, ಮೂರು ಮಹಡಿಯ ಉದ್ದಕ್ಕೂ, ಬಣ್ಣ ಸವೆದು ಎಣ್ಣೆಗಪ್ಪಾದ ಗೆರೆಯೊಂದಿತ್ತು. ದಿನಾ ಓಡಾಡುವ ಮೆಟ್ಟಿಲು; ಅವನು ನೋಡಿರಲೇ ಇಲ್ಲ.

"ಯಾವಾಗಿಂದ?" ಎಂದ. ಅವನ ಜನ್ಮದಲ್ಲೇ ಅಷ್ಟು ಸಣ್ಣ ದನಿ ಹೊರಟಿರಲಿಲ್ಲ.

"ಈಗ ಕೇಳಿದ್ರಲ್ಲ, ಹತ್ತಿ," ಎಂದಳು ಅವಳು.

ಮೈಕಣ್ಣ ಕ್ಯಾನನ್ನು ತನ್ನ ಕಡೆಗೆ ಸ್ವಲ್ಪ ಹೆಚ್ಚು ವಾಲಿಸಿಕೊಂಡ. ಮೇಲಿನ ಬಾಗಿಲು ತೆರೆದೇ ಇತ್ತು. ಇಬ್ಬರೂ ಕುಂಟುತ್ತಾ ಹತ್ತಿದರು.