ನಾನು ಕುಡಿಯದ ಪಾಲು

ಬಟ್ಟಲು ನನ್ನ ಕೈಗೆ ಬರುವಾಗ ಎಷ್ಟು ಭಾರವಿರುತ್ತಿತ್ತೋ, ನನ್ನ ಕೈ ದಾಟಿ ಹೋಗುವಾಗಲೂ ಅಷ್ಟೇ ಭಾರವಿರುತ್ತಿತ್ತು. ನಾನು ಕುಡಿಯುತ್ತಿರಲಿಲ್ಲ. ಎರಡೂ ಕೈಯಲ್ಲಿ ಎತ್ತಿ, ಓರೆ ಮಾಡಿ, ತುಟಿಗೆ ತಾಗುವ ಮುಂಚೆಯೇ ನಿಲ್ಲಿಸಿ, ಕುಡಿಯಲು ಬೇಕಾಗುವಷ್ಟು ಹೊತ್ತು ಹಾಗೆಯೇ ಹಿಡಿದಿದ್ದು, ಆಮೇಲೆ ಅಂಚನ್ನು ಕಾಗದದಿಂದ ಒರೆಸಿ ಪಕ್ಕದವರಿಗೆ ಕೊಡುತ್ತಿದ್ದೆ. ಒರೆಸುವುದನ್ನು ಮಾತ್ರ ಬಹಳ ಶ್ರದ್ಧೆಯಿಂದ ಮಾಡುತ್ತಿದ್ದೆ.

ಪಕ್ಕದವರು ಲಾನ್ ಆಂಟಿ. ಕಲ್ಲಾಂಗ್ ಬಡಾವಣೆಯ ಫ್ಲ್ಯಾಟೊಂದರಲ್ಲಿ ಒಬ್ಬರೇ ಇದ್ದ, ಕೆಲಸದಿಂದ ನಿವೃತ್ತರಾದ ಚೀನೀ ಹೆಂಗಸು. ಅವರಿಗೆ ಒಂದಿಡೀ ವರ್ಷ ತಮ್ಮ ಹೃದಯದ ಬಗ್ಗೆ ಭಯ ಹುಟ್ಟಿಸಿದವಳು ನಾನು — ಅದು ಗೊತ್ತಿದ್ದೂ ಸುಮ್ಮನಿದ್ದವಳು.

ಆಗ ನಾನು ಡಿಗ್ರಿ ಮುಗಿಸಿ ಬ್ಯಾಂಕೊಂದಕ್ಕೆ ಸೇರಿದ್ದೆ. ಊರಿನ ತುಂಬ ಕ್ರೇನುಗಳು. ಆಫೀಸಿನಲ್ಲಿ ಎಲ್ಲರಿಗೂ ಅವಸರ. ಅವಸರವಿಲ್ಲದ ಒಂದು ಕೋಣೆ ಬೇಕೆನಿಸಿ ಜಪಾನೀ ಚಹಾ ತರಗತಿಗೆ ಸೇರಿಕೊಂಡೆ. ಕಲಿಸುವಾಕೆಯನ್ನು ಸೆನ್ಸೇ ಎನ್ನುತ್ತಿದ್ದೆವು. ಭಾನುವಾರ ಮಧ್ಯಾಹ್ನ ಅವರ ಕಾಂಡೋ ಅಪಾರ್ಟ್ಮೆಂಟಿನಲ್ಲಿ ಪಾಠ. ಋತುಗಳೇ ಇಲ್ಲದ ಊರಿನಲ್ಲಿ ಕೂತು ಋತುಗಳನ್ನು ಕಲಿತೆವು — ಯಾವ ತಿಂಗಳಿಗೆ ಯಾವ ಹೂವು, ಯಾವ ಸಿಹಿ, ಯಾವ ಬಟ್ಟಲು. ನವೆಂಬರ್ ಬಂದಾಗ ಸೆನ್ಸೇ ಕ್ರಮದಂತೆ ಚಹಾ ನೀರು ಕಾಯಿಸುವ ಒಲೆಯ ಜಾಗ ಬದಲಿಸಿ, ಏಸಿಯನ್ನು ಇನ್ನಷ್ಟು ತಣ್ಣಗೆ ಮಾಡಿ, ಚಳಿಗಾಲ ಬಂತು ಎನ್ನುತ್ತಿದ್ದರು. ಲಾನ್ ಆಂಟಿ ನಿಜವಾಗಿಯೂ ಶಾಲು ಹೊದ್ದು ಬರುತ್ತಿದ್ದರು. ಗೋಡೆಯ ಗೂಡಿನಲ್ಲಿ ಹೂವಿಡುವ ಕೆಲಸ ಅವರದು. ಒಂದೇ ಒಂದು ಹೂವು, ಅದಕ್ಕಾಗಿ ವಾರವಿಡೀ ಯೋಚನೆ.

ನಾನು ಸೇರಿದಾಗ ಸಾರ್ಸ್ ಸಾಂಕ್ರಾಮಿಕದ ಭಯ ಪೂರ್ತಿ ಹೋಗಿರಲಿಲ್ಲ. ಎಲ್ಲರಿಗೂ ಬೇರೆ ಬೇರೆ ಬಟ್ಟಲು. ಮುಂದೊಂದು ದಿನ ಸೆನ್ಸೇ, ಇನ್ನು ಮಂದ ಚಹಾ ಹಳೆಯ ಕ್ರಮದಲ್ಲೇ ಎಂದರು. ಒಂದೇ ಬಟ್ಟಲು, ಎಲ್ಲರ ಬಾಯಿಗೂ. ಕೊನೆಯ ಅತಿಥಿ ಒಂದಿಷ್ಟೂ ಉಳಿಸಬಾರದು.

ಮೊದಲು ಕುಡಿಯುವವನು ಆಡ್ರಿಯನ್ ಎಂಬ ಆರ್ಕಿಟೆಕ್ಟ್, ನಡುವೆ ನಾನು, ಕೊನೆಗೆ ಆಂಟಿ. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತವಳು. ಅಣ್ಣ ಕಚ್ಚಿದ ಬಿಸ್ಕತ್ತನ್ನೂ ಮುಟ್ಟಿದವಳಲ್ಲ. ಆಡ್ರಿಯನ್ ಬಾಯಿಟ್ಟ ಬಟ್ಟಲಿಗೆ ಬಾಯಿಡುವುದೆಂದರೆ — ಆಗಲಿಲ್ಲ. ಆಗುವುದಿಲ್ಲ ಎಂದು ಹೇಳಲೂ ಆಗಲಿಲ್ಲ.

ಅಮ್ಮ ಒಮ್ಮೆ ಕೇಳಿದ್ದಳು: "ಅಲ್ಲಿ ಎಲ್ಲರೂ ಒಂದೇ ಕಪ್ಪಲ್ಲಿ ಕುಡೀತಾರಂತೆ, ಹೌದೇನೆ?"

"ಇಲ್ಲಮ್ಮ, ಎಲ್ಲರಿಗೂ ಸೆಪರೇಟು."

ಹೀಗೆ ಎರಡು ಕಡೆಯೂ ಸುಳ್ಳು.

ಕೆಲವು ತಿಂಗಳ ನಂತರ ಆಂಟಿ ಎದೆ ಮುಟ್ಟಿಕೊಳ್ಳತೊಡಗಿದರು. ಪಾಠವಾದ ದಿನ ಎದೆ ಡವಡವ ಎನ್ನುತ್ತದೆ, ನಿದ್ದೆ ಬರುವುದಿಲ್ಲ ಎಂದರು. ಅವರ ತಾಯಿ ಹೃದಯದ ಕಾಯಿಲೆಯಲ್ಲೇ ಹೋದವರಂತೆ. ಡಾಕ್ಟರ ಹತ್ತಿರ ಹೋಗಿ ಎಂದು ಸೆನ್ಸೇ ಹೇಳಿದರೆ, "ಹೋದ್ರೆ ಏನಾದ್ರೂ ಹೇಳಿಬಿಡ್ತಾರೆ ಲಾ" ಎಂದು ನಕ್ಕುಬಿಟ್ಟರು. ಆ ವರ್ಷ ನವೆಂಬರಿನಲ್ಲಿ, ಒಲೆಯ ಜಾಗ ಬದಲಾದ ವಾರವೇ, ತರಗತಿ ಬಿಟ್ಟರು. ಅವರು ಎರಡು ಪಾಲು ಕುಡಿಯುತ್ತಿದ್ದರು, ಅದರಲ್ಲೊಂದು ನನ್ನದು ಎಂದು ನನಗೆ ಗೊತ್ತಿತ್ತು. ಆ ಚಹಾ ಸಾಮಾನ್ಯದ್ದಲ್ಲ, ಪೇಂಟಿನಷ್ಟು ಗಟ್ಟಿ.

ಆಂಟಿಯ ಜಾಗಕ್ಕೆ, ಅಂದರೆ ಕೊನೆಗೆ, ಸೆನ್ಸೇ ನನ್ನನ್ನು ಕೂರಿಸಿದರು. ನನ್ನ ನಂತರ ಯಾರೂ ಇಲ್ಲ. ಕಣ್ಣು ಮುಚ್ಚಿ ಕುಡಿದೆ. ಏನೂ ಆಗಲಿಲ್ಲ. ಕಹಿ, ಹಿಂದೆಯೇ ಒಂದು ತೆಳು ಸಿಹಿ — ಅಷ್ಟೇ. ಆದರೆ ಆ ಸಂಜೆ ನನ್ನ ಎದೆಯೂ ಜೋರಾಗಿ ಬಡಿದುಕೊಂಡಿತು, ಒಂದೇ ಪಾಲಿಗೆ. ಆಗಲೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ವಾರ, ಅದರ ಮುಂದಿನ ವಾರ — ಹೀಗೆ ಮತ್ತೊಂದು ನವೆಂಬರ್ ಬಂತು. ಏಸಿ ಮತ್ತೆ ತಣ್ಣಗಾಯಿತು. ಗೂಡಿನಲ್ಲಿ ಸೆನ್ಸೇ ಅಂಗಡಿಯಿಂದ ತಂದ ಹೂವಿತ್ತು. ಆಡ್ರಿಯನ್ ಹೇಳಿದ: ಆಂಟಿ ಈಗ ಲಿಫ್ಟ್ ಹತ್ತಿರದ ಅಂಗಡಿಗೆ ಬಿಟ್ಟರೆ ಎಲ್ಲಿಗೂ ಹೋಗುವುದಿಲ್ಲವಂತೆ, ದಾರಿಯಲ್ಲಿ ಬಿದ್ದರೆ ಎಂಬ ಹೆದರಿಕೆಯಂತೆ.

ಪಾಠ ಮುಗಿದದ್ದೇ ಕಲ್ಲಾಂಗ್‌ಗೆ ಹೋದೆ. ಆಂಟಿ ಕಟ್ಟಡದ ಕೆಳಗಿನ ತೆರೆದ ಅಂಗಳ, ವಾಯ್ಡ್ ಡೆಕ್‌ನ ಕಲ್ಲು ಮೇಜಿನ ಹತ್ತಿರ ಕೂತಿದ್ದರು. ನಿಂತುಕೊಂಡೇ ಹೇಳಿದೆ: "ಆಂಟಿ, ನಾನು ಚಹಾ ಕುಡೀತಾ ಇರಲಿಲ್ಲ. ನನ್ನ ಪಾಲೂ ನೀವೇ ಕುಡಿದ್ರಿ."

"ಯಾಕೆ?"

ಎಂಜಲು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಪದ ಹುಡುಕಿದೆ. ಸಿಕ್ಕಿದ್ದು ತಪ್ಪು ಪದ. ಡರ್ಟಿ ಎಂದುಬಿಟ್ಟೆ.

ಆಂಟಿಯ ಮುಖ ಸಣ್ಣದಾಯಿತು. "ನಾವೆಲ್ಲ ಡರ್ಟಿ, ಈಸ್ ಇಟ್?"

"ಅಲ್ಲ ಆಂಟಿ. ನಮ್ಮಮ್ಮ ಕುಡಿದು ಬಿಟ್ಟಿದ್ದನ್ನೂ ನಾನು ಕುಡಿಯಲ್ಲ. ನಾನು ಕುಡಿದು ಬಿಟ್ಟಿದ್ದನ್ನ ಅವಳೂ ಕುಡಿಯಲ್ಲ."

"ಅಮ್ಮಂದೂನಾ?" ಅವರು ಬೆರಳಲ್ಲಿ ಏನೋ ಎಣಿಸಿದರು. ಆಮೇಲೆ ನಿಧಾನವಾಗಿ ಕೇಳಿದರು: "ಹಾಗಾದ್ರೆ ನಾನು ಡಬಲ್ ಕುಡೀತಿದ್ದೆ?"

"ಹೌದು."

"ಪ್ರತಿ ವಾರ?"

"ಹೌದು."

"ಐಯಾ, ಬಸುರಿ ಹಾಗೆ ಇಬ್ಬರಿಗಾಗಿ ಕುಡಿದಿದ್ದೀನಿ." ನಗುತ್ತಲೇ ಕಣ್ಣೊರೆಸಿಕೊಂಡರು. ಆಗ ನಾನೂ ಎದುರಿಗೆ ಕೂತೆ. ಆದರೆ ಅವರು ನಗು ನಿಲ್ಲಿಸಿ ಹೇಳಿದ್ದನ್ನೂ ಬರೆಯಬೇಕು. "ಒಂದು ವರ್ಷ ನಾನು ಸಾಯ್ತೀನಿ ಅಂದ್ಕೊಂಡಿದ್ದೆ. ನಿಂಗೊತ್ತಾ?"

ಗೊತ್ತಿತ್ತು ಎಂದೆ. ಬೇರೆ ಏನು ಹೇಳಿದರೂ ಅದು ಮತ್ತೊಂದು ಸುಳ್ಳಾಗುತ್ತಿತ್ತು.

ಅವರ ಹೃದಯಕ್ಕೆ ಏನೂ ಆಗಿರಲಿಲ್ಲ. ಇಂದಿಗೂ ತರಗತಿಗೆ ಬರುತ್ತಾರೆ, ಶಾಲು ಹೊದ್ದು. ನನ್ನನ್ನು ಕ್ಷಮಿಸಿದ್ದಾರೆಯೇ ಎಂದು ನಾನು ಕೇಳಿಲ್ಲ. ಆ ಒಂದು ವರ್ಷವನ್ನು ನಾನು ಹಿಂದಿರುಗಿಸಲಾರೆ.

ಆಂಟಿಗೆ ಹೇಳಿದ ಮರುದಿನ ಬೆಳಿಗ್ಗೆ ಅಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಸೆನ್ಸೇಗೆ ಫೋನ್ ಮಾಡಿ ಹೇಳಿದೆ, ಆಫೀಸಿಗೆ ರಜೆ ಹಾಕಿದೆ. ಆಂಟಿಯನ್ನು ಮನೆಯಿಂದ ಪಾಲಿಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಒಳಗೆ ಕರೆದಾಗ ಎದ್ದು ನಿಂತು, ಕೈಚೀಲವನ್ನು ನನ್ನ ತೊಡೆಯ ಮೇಲಿಟ್ಟು ಹೋದರು. ನಾನು ಅದನ್ನು ಹಿಡಿದುಕೊಂಡು ಕೂತೆ.