ಎದುರುಮನೆಯ ದೀಪ

ಗೋವೆಯ ಮಡಗಾಂವಿನ ನಮ್ಮ ಓಣಿಯಲ್ಲಿ ನಾನು ಚಿಕ್ಕವಳಿದ್ದಾಗ ಮುಚ್ಚಿದ ಮನೆಗಳೇ ಹೆಚ್ಚು. ಮಾಲೀಕರೆಲ್ಲ ಪೋರ್ತುಗಾಲಿನಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದರು. ಬೀಗದ ಕೈಗಳು ಧಾರವಾಡದಿಂದ ಬಂದ ನಮ್ಮಂಥ ಬಾಡಿಗೆಯವರ ಗೂಟಕ್ಕೆ ತೂಗುತ್ತಿದ್ದವು. ಬೆಳಿಗ್ಗೆ ಪಾವ್ ಮಾರುವವನ ಸೈಕಲ್ ಹಾರ್ನು, ಮೀನಿನವಳ ಕೂಗು ಇರುತ್ತಿದ್ದವು. ಸಂಜೆ ಇಗರ್ಜಿಯ ಗಂಟೆ ಬಾರಿಸಿದ ಮೇಲೆ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಆ ಹೊತ್ತು ನನಗೆ ಕಂಡರಾಗುತ್ತಿರಲಿಲ್ಲ.

ಅವ್ವ ಆ ಹೊತ್ತಿಗೇ ನನ್ನನ್ನು ಎದುರುಮನೆಗೆ ಎಳೆದುಕೊಂಡು ಹೋಗುತ್ತಿದ್ದಳು. ಆ ಮನೆಯ ಕ್ರೈಸ್ತ ಅಜ್ಜಿ ಮಗನ ಜೊತೆ ಲಿಸ್ಬನ್ನಿಗೆ ಹೋಗುವಾಗ, ತಾನು ತಿರುಗಿ ಬರುವವರೆಗೆ ದಿನಾ ದೇವರ ಮುಂದೆ ಮೇಣದಬತ್ತಿ ಹಚ್ಚಬೇಕೆಂದು ಅವ್ವನ ಕೈ ಹಿಡಿದು ಕೇಳಿಕೊಂಡಿದ್ದಳು. ಮೇಣದಬತ್ತಿ ಇರುವುದು ಕರೆಂಟು ಹೋದಾಗ ಹಚ್ಚಲಿಕ್ಕೆ ಎಂಬುದು ಅವ್ವನ ತಿಳಿವಳಿಕೆ. ಹಾಗಾಗಿ ಎಣ್ಣೆಬತ್ತಿಯ ಹಿತ್ತಾಳೆ ದೀಪ ಇಟ್ಟಳು. ಶುಕ್ರವಾರ ಅಲ್ಲಿದ್ದ ಮೇರಿಮಾತೆಯ ಮೂರ್ತಿಗೆ ಅರಿಶಿನ ಕುಂಕುಮವನ್ನೂ ಹಚ್ಚಿದಳು. ಹೆಣ್ಣುದೇವರನ್ನು ಬೋಳು ಹಣೆಯಲ್ಲಿ ಬಿಡುವುದು ಅವಳಿಂದಾಗದ ಮಾತು. ಗಾಜಿನ ಬದಲು ಚಿಪ್ಪು ಕೂರಿಸಿದ ಕಿಟಕಿಗಳ ಆ ಕತ್ತಲ ಪಡಸಾಲೆಯಲ್ಲಿ, ಬಿಳಿ ಬಟ್ಟೆ ಹೊದಿಸಿದ ಪೀಠೋಪಕರಣಗಳ ನಡುವೆ, ಕುಂಕುಮದ ಆ ಮುಖ ನನ್ನನ್ನೇ ನೋಡುತ್ತಿತ್ತು. ನಾನು ಅವ್ವನ ಸೆರಗು ಬಿಡುತ್ತಿರಲಿಲ್ಲ.

ಮುಚ್ಚಿದ ಮನೆಯಲ್ಲಿ ದಿನಾ ಬೆಳಕು ಕಂಡರೆ ಜನ ಸುಮ್ಮನಿರುತ್ತಾರೆಯೇ? ಅಜ್ಜಿ ಅಲ್ಲಿ ಸತ್ತು ಇಲ್ಲಿಗೆ ಬಂದಿದ್ದಾಳೆಂದು ಸುದ್ದಿ ಹಬ್ಬಿತು. ಮನೆ ಕೊಳ್ಳಲು ಬಂದವರು ಗೇಟಿನಿಂದಲೇ ತಿರುಗಿ ಹೋದರು. ಸತ್ತಳೆನ್ನಿಸಿಕೊಂಡ ಅಜ್ಜಿಯೋ ಪ್ರತಿ ಭಾನುವಾರ ಫೋನು ಮಾಡಿ, ದೀಪ ಹಚ್ಚಿದೆಯಾ ಎಂದು ಅವ್ವನನ್ನು ಕೇಳುತ್ತಿದ್ದಳು.

ನಾನು ಕಾಲೇಜು ಸೇರುವ ಹೊತ್ತಿಗೆ ಓಣಿಯ ಮನೆಗಳು ಒಂದೊಂದಾಗಿ ಉರುಳಿ ಫ್ಲಾಟುಗಳು ಎದ್ದವು. ಎದುರುಮನೆಗೂ ದೆವ್ವಕ್ಕೆ ಹೆದರದ ಒಬ್ಬ ಬಿಲ್ಡರ್ ಸಿಕ್ಕ. ಮಗ ಬಂದು ಸಹಿ ಹಾಕಿದ. ತಾಯಿಗೆ ಗೊತ್ತಾದರೆ ಅವಳ ಜೀವ ಉಳಿಯುವುದಿಲ್ಲ, ದಯವಿಟ್ಟು ಹೇಳಬೇಡಿ ಎಂದು ಕೈಮುಗಿದು, ಅವ್ವನಿಂದ ಮಾತು ತೆಗೆದುಕೊಂಡು ಹೋದ. ಮೇರಿಮಾತೆಯನ್ನು ಮಾತ್ರ ಒಯ್ಯಲಿಲ್ಲ. ಜೆಸಿಬಿ ಬರುವ ಮುನ್ನ ಅವ್ವ ಅವಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು ನಮ್ಮ ದೇವರ ಪಕ್ಕ ಕೂರಿಸಿದಳು. ಆ ಭಾನುವಾರ ಫೋನು ಬಂದಾಗ, ಎದುರುಮನೆ ಕೆಡವಿ ತೋಡಿದ ಹೊಂಡ ನೋಡುತ್ತಲೇ, ಹಚ್ಚಿದ್ದೇನೆ ಎಂದಳು. ಸುಳ್ಳೇನೂ ಅಲ್ಲ. ಆದರೂ ಅವಳಿಗೆ ಅಂದು ಊಟ ಸೇರಲಿಲ್ಲ.

ಹೊಂಡದಲ್ಲಿ ಮಳೆನೀರು ನಿಂತಿದ್ದ ಒಂದು ಭಾನುವಾರ ಅಜ್ಜಿ ದೀಪದ ಮಾತೇ ಎತ್ತಲಿಲ್ಲ. ನಾನೂ ರಿಸೀವರಿಗೆ ಕಿವಿ ಹಚ್ಚಿ ನಿಂತಿದ್ದೆ. ನಿನ್ನೆ ಮನೆಗೆ ಬಂದಿದ್ದೆ ಎಂದಳು ಅಜ್ಜಿ. ಮೆಟ್ಟಿಲು ಸಿಗಲಿಲ್ಲ, ಬಾಗಿಲು ಸಿಗಲಿಲ್ಲ, ಮೊಣಕಾಲುಮಟ ನೀರಿತ್ತು, ಎಷ್ಟು ಕರೆದರೂ ನೀನು ಓಗೊಡಲಿಲ್ಲ ಎಂದಳು. ಕನಸೆಂದು ಅವಳೂ ಹೇಳಲಿಲ್ಲ, ಅವ್ವನೂ ಕೇಳಲಿಲ್ಲ.

ಅಜ್ಜಿಯ ಮಗನಿಗೆ ಕೊಟ್ಟ ಮಾತನ್ನು ಮುರಿಯಲು ಅವ್ವ ಒದ್ದಾಡುವುದು ನನಗೆ ಕಾಣುತ್ತಿತ್ತು.

"ನಿಮ್ಮ ಮನಿ ಇಲ್ರಿ ಬಾಯಿ, ಕೆಡವ್ಯಾರ. ನಿಮ್ಮ ದೇವಿ ನಮ್ಮ ಮನ್ಯಾಗ ಅದಾಳ. ದೀಪಾನೂ ಇಲ್ಲೇ ಹಚ್ಚತೇನಿ."

ಅಜ್ಜಿ ಅಳಲಿಲ್ಲ, ಬೈಯಲಿಲ್ಲ.

"ಜಾಲ್ಯಾರ್ ಹಾಂವ್ ಥಂಯ್ಚ್ ಯೆತಾಂ" ಎಂದಳು ಕೊಂಕಣಿಯಲ್ಲಿ. ಹಾಗಾದರೆ ನಾನು ಅಲ್ಲಿಗೇ ಬರುತ್ತೇನೆ.

ಮುಂದಿನ ಭಾನುವಾರ ಫೋನು ಮಾಡಿದವನು ಮಗ. ಅಜ್ಜಿ ತೀರಿಕೊಂಡಳೆಂದ. ಯಾವಾಗ ಎಂದು ಅವ್ವ ಕೇಳಲಿಲ್ಲ. ರಿಸೀವರ್ ಇಟ್ಟವಳೇ ಹೋಗಿ ಮುಂಬಾಗಿಲಿನ ಅಗಳಿ ತೆಗೆದಳು. ಒಂದು ಕುರ್ಚಿಯನ್ನು ತಂದು ದೇವರ ಮುಂದೆ ಇಟ್ಟಳು. ಆ ಕುರ್ಚಿಯಲ್ಲಿ ಇವತ್ತಿಗೂ ನಾವು ಯಾರೂ ಕೂರುವುದಿಲ್ಲ.